ಧ್ವನಿ ಉಳಿಯಲೆಂದು ಬದಲಾದ ಅಕ್ಷರ: ಸ್ಪ್ಯಾನಿಷ್ ವಿಧ್ಯರ್ಥಕ ರೂಪಗಳ ಕಾಗುಣಿತದ ಚರಿತ್ರೆ

ಸಾರಾಂಶ

ಸ್ಪ್ಯಾನಿಷ್ ಭಾಷೆಯನ್ನು ಕಲಿಸುವ ಪುಸ್ತಕಗಳು ‘ಕಾಗುಣಿತ ಬದಲಾಗುವ ಕ್ರಿಯಾಪದಗಳು’ ಎಂಬ ವರ್ಗವೊಂದನ್ನು ಪ್ರತ್ಯೇಕವಾಗಿ ಗುರುತಿಸುತ್ತವೆ. ನಿಷೇಧರಹಿತ ವಿಧ್ಯರ್ಥಕ ರೂಪಗಳಲ್ಲಿ ಈ ಬದಲಾವಣೆ ಕೆಲವು ಪುರುಷಗಳಲ್ಲಿ ಮಾತ್ರ ಕಾಣಿಸಿಕೊಳ್ಳುತ್ತದೆ. ಈ ಹಂಚಿಕೆಯ ಹಿಂದೆ ಮೂರು ಬೇರೆ ಬೇರೆ ಚರಿತ್ರೆಗಳಿವೆಯೆಂದು ಪ್ರಸ್ತುತ ಲೇಖನದಲ್ಲಿ ವಾದಿಸುತ್ತೇವೆ. ಅವು ಗೌರವಸೂಚಕ ಸರ್ವನಾಮದ ಚರಿತ್ರೆ, ಲ್ಯಾಟಿನ್ ಕಂಠ್ಯಧ್ವನಿಗಳ ತಾಲವ್ಯೀಕರಣ ಮತ್ತು ಅದನ್ನು ತಡೆದ ಸಾದೃಶ್ಯದ ಚರಿತ್ರೆ, ಲಿಪಿಸುಧಾರಣೆಯ ಚರಿತ್ರೆ. ಅನಿಯಮಿತವೆಂಬ ಹೆಸರು ಹೊತ್ತ ಈ ಕ್ರಿಯಾಪದಗಳು ಧ್ವನಿಮಟ್ಟದಲ್ಲಿ ಪೂರ್ಣ ನಿಯಮಿತವಾದವು ಎಂಬುದು ನಮ್ಮ ನಿಲುವು.

ಕೀಲಿಪದಗಳು: ವಿಧ್ಯರ್ಥಕ, ಸಂಭಾವನಾರ್ಥಕ, ಸಾದೃಶ್ಯ, ತಾಲವ್ಯೀಕರಣ, ಲಿಪಿಸುಧಾರಣೆ

1. ಸಮಸ್ಯೆಯ ಸ್ವರೂಪ

ಸ್ಪ್ಯಾನಿಷ್‌ನಲ್ಲಿ ‘ಒಣಗಿಸು’ ಎಂಬ ಅರ್ಥದ ‘ಸೆಕಾರ್’ ಧಾತುವನ್ನು ತೆಗೆದುಕೊಳ್ಳೋಣ. ಸಲುಗೆಯ ಏಕವಚನ ‘ತೂ’ ಸರ್ವನಾಮಕ್ಕೆ ಇದರ ವಿಧ್ಯರ್ಥಕ ರೂಪ ‘ಸೇಕ’; ಸಲುಗೆಯ ಬಹುವಚನ ‘ವೊಸೋತ್ರೊಸ್’ಗೆ ‘ಸೆಕಾದ್’. ಗೌರವದ ಏಕವಚನ ‘ಉಸ್ತೇದ್’ಗೆ ‘ಸೇಕೆ’. ಅದರ ಬಹುವಚನ ‘ಉಸ್ತೇದೆಸ್’ಗೆ ‘ಸೇಕೆನ್’. ‘ಒಣಗಿಸೋಣ’ ಎಂಬ ಉತ್ತಮಪುರುಷದ ಅರ್ಥಕ್ಕೆ ‘ಸೆಕೇಮೊಸ್’. ರೋಮನ್ ಲಿಪಿಯಲ್ಲಿ ಮೊದಲ ಎರಡು ರೂಪಗಳ ‘ಕ’ಕಾರವನ್ನು ‘ಸಿ’ ಅಕ್ಷರದಿಂದ ಬರೆಯುತ್ತಾರೆ. ಉಳಿದ ಮೂರರಲ್ಲಿ ಅದೇ ‘ಕ’ಕಾರಕ್ಕೆ ‘ಕ್ಯೂ’ ಮತ್ತು ‘ಯು’ ಅಕ್ಷರಗಳ ಜೋಡಿ ಬೇಕಾಗುತ್ತದೆ.

ಇದೇ ಬಗೆಯ ಇನ್ನೂ ಹಲವು ಜೋಡಿಗಳಿವೆ. ‘ಪಾವತಿಸು’ ಎಂಬರ್ಥದ ‘ಪಗಾರ್’ ಧಾತುವಿನ ‘ಪಾಗ’ದಲ್ಲಿ ‘ಜಿ’ ಒಂದೇ ಸಾಕು. ‘ಪಾಗೆ’ಯಲ್ಲಿ ‘ಜಿ’ಯ ಜೊತೆಗೆ ಉಚ್ಚರಿಸದ ‘ಯು’ ಸೇರುತ್ತದೆ. ‘ದಾಟು’ ಎಂಬರ್ಥದ ‘ಕ್ರುಸಾರ್’ ಧಾತುವಿನ ‘ಕ್ರೂಸ’ದಲ್ಲಿ ‘ಝಡ್’ ಇದ್ದರೆ, ‘ಕ್ರೂಸೆ’ಯಲ್ಲಿ ‘ಸಿ’. ಬೇರೆ ಗಣಗಳಲ್ಲಿ ದಿಕ್ಕು ತಿರುಗುಮುರುಗಾಗುತ್ತದೆ. ‘ಆರಿಸು’ ಎಂಬರ್ಥದ ‘ಎಸ್ಕೊಹೇರ್’ನ ಸಲುಗೆಯ ರೂಪ ‘ಎಸ್ಕೋಹೆ’ಗೆ ‘ಜಿ’, ಗೌರವದ ರೂಪ ‘ಎಸ್ಕೋಹ’ಕ್ಕೆ ‘ಜೆ’. ‘ಗೆಲ್ಲು’ ಎಂಬರ್ಥದ ‘ವೆನ್ಸೇರ್’ನ ‘ವೇನ್ಸೆ’ಗೆ ‘ಸಿ’, ‘ವೇನ್ಸ’ಕ್ಕೆ ‘ಝಡ್’. ‘ಹಿಂಬಾಲಿಸು’ ಎಂಬರ್ಥದ ‘ಸೆಗೀರ್’ನ ‘ಸೀಗೆ’ಗೆ ‘ಜಿ-ಯು’, ‘ಸೀಗ’ಕ್ಕೆ ‘ಜಿ’ ಮಾತ್ರ.

ಈ ಲೇಖನದಲ್ಲಿ ಸ್ಪ್ಯಾನಿಷ್ ಪದಗಳನ್ನು ಕನ್ನಡ ಲಿಪಿಯಲ್ಲಿಯೇ ಕೊಟ್ಟು, ಒತ್ತುಳ್ಳ ಸ್ವರವನ್ನು ದೀರ್ಘವಾಗಿ ಸೂಚಿಸಿದ್ದೇವೆ. ರೋಮನ್ ಅಕ್ಷರಗಳನ್ನು ಕನ್ನಡ ಓದುಗರಿಗೆ ಪರಿಚಿತವಾದ ಹೆಸರುಗಳಿಂದ ಕರೆದಿದ್ದೇವೆ. ‘ಝಡ್’ ಅಕ್ಷರದ ಧ್ವನಿಗೆ ಅಮೆರಿಕಾ ಖಂಡದ ಉಚ್ಚಾರಣೆಯಂತೆ ‘ಸ’ಕಾರವನ್ನು ಬಳಸಿದ್ದೇವೆ, ಸ್ಪೇನಿನ ಬಹುಭಾಗದಲ್ಲಿ ಅದು ದಂತ್ಯ ಸಂಘರ್ಷಧ್ವನಿ. ಈ ಏರ್ಪಾಡಿನಿಂದಲೇ ಒಂದು ಸಂಗತಿ ಸ್ಪಷ್ಟವಾಗುತ್ತದೆ. ‘ಸೇಕ’, ‘ಸೇಕೆ’ ಎಂದು ಕನ್ನಡದಲ್ಲಿ ಬರೆದೊಡನೆ ‘ಕಾಗುಣಿತ ಬದಲಾವಣೆ’ ಎಂಬುದು ಇಲ್ಲವಾಗುತ್ತದೆ. ವ್ಯಂಜನ ‘ಕ’ವೇ, ಬದಲಾದದ್ದು ಅದರ ಮೇಲಿನ ಸ್ವರಚಿಹ್ನೆ ಮಾತ್ರ. ಹಾಗಾದರೆ ಪಠ್ಯಪುಸ್ತಕಗಳು ಕ್ರಿಯಾಪದದ ಲಕ್ಷಣವೆಂದು ಹೇಳುವುದು ನಿಜಕ್ಕೂ ಯಾವುದರ ಲಕ್ಷಣ? ಧಾತುವಿನದೋ ಲಿಪಿಯದೋ? ಈ ಪ್ರಶ್ನೆಗೆ ಚರಿತ್ರೆಯ ಮೂಲಕ ಉತ್ತರ ಹುಡುಕುವುದು ನಮ್ಮ ಉದ್ದೇಶ.

2. ಗೌರವದ ದಾರಿಯಿಂದ ಬಂದ ಸಂಭಾವನಾರ್ಥಕ

ಕಾಗುಣಿತ ಎಲ್ಲಿ ಬದಲಾಗುತ್ತದೆ, ಎಲ್ಲಿ ಬದಲಾಗುವುದಿಲ್ಲ ಎಂಬ ಹಂಚಿಕೆ ಯಾದೃಚ್ಛಿಕವಲ್ಲ. ‘ತೂ’ ಮತ್ತು ‘ವೊಸೋತ್ರೊಸ್’ ರೂಪಗಳು ಲ್ಯಾಟಿನ್ನಿನ ನಿಜವಾದ ವಿಧ್ಯರ್ಥಕದಿಂದ ಬಂದವು. ಲ್ಯಾಟಿನ್ ‘ಸಿಕ್ಕಾ’, ‘ಸಿಕ್ಕಾತೆ’ಗಳೇ ಸ್ಪ್ಯಾನಿಷ್‌ನ ‘ಸೇಕ’, ‘ಸೆಕಾದ್’. ಎರಡರಲ್ಲಿಯೂ ಧಾತುವಿನ ನಂತರ ಬರುವುದು ‘ಆ’ಕಾರ. ಉಳಿದ ರೂಪಗಳು ವಿಧ್ಯರ್ಥಕದವಲ್ಲ; ಅವು ವರ್ತಮಾನಕಾಲದ ಸಂಭಾವನಾರ್ಥಕದಿಂದ ಎರವಲು ಪಡೆದವು. ಮೊದಲನೆಯ ಗಣದಲ್ಲಿ ಈ ಅರ್ಥದ ಚಿಹ್ನೆ ‘ಎ’ಕಾರ; ಉಳಿದ ಗಣಗಳಲ್ಲಿ ‘ಅ’ಕಾರ. ಆದ್ದರಿಂದಲೇ ‘ಸೇಕ’ದೆದುರು ‘ಸೇಕೆ’, ‘ವೇನ್ಸೆ’ಯೆದುರು ‘ವೇನ್ಸ’. ರೋಮನ್ ಅಕ್ಷರಗಳ ಮೌಲ್ಯ ಮುಂದಿನ ಸ್ವರವನ್ನು ಅವಲಂಬಿಸಿರುವುದರಿಂದ, ಸ್ವರ ಬದಲಾದಲ್ಲಿ ಅಕ್ಷರವೂ ಬದಲಾಗಬೇಕಾಗುತ್ತದೆ.

ಮಧ್ಯಮಪುರುಷನಿಗೆ ಕೊಡುವ ಆಜ್ಞೆಗೆ ಪ್ರಥಮಪುರುಷದ ಸಂಭಾವನಾರ್ಥಕ ಏಕೆ ಬಂತು? ಉತ್ತರ ಸಾಮಾಜಿಕ ಚರಿತ್ರೆಯಲ್ಲಿದೆ. ಮಧ್ಯಯುಗದ ಕಾಸ್ಟೀಲಿಯನ್ನಿನಲ್ಲಿ ಗೌರವಕ್ಕೆ ‘ವೊಸ್’ ಎಂಬ ಬಹುವಚನ ಸರ್ವನಾಮವಿತ್ತು. ಅದರ ವಿಧ್ಯರ್ಥಕ ‘ಸೆಕಾದ್’, ‘ಪಗಾದ್’ ಮಾದರಿಯದೇ. ಬಳಕೆ ಹಬ್ಬಿದಂತೆ ‘ವೊಸ್’ ತನ್ನ ಗೌರವವನ್ನು ಕಳೆದುಕೊಂಡಿತು. ಆ ಸ್ಥಾನಕ್ಕೆ ‘ತಮ್ಮ ಕೃಪೆ’ ಎಂಬರ್ಥದ ‘ವುಎಸ್ತ್ರ ಮೆರ್ಸೇದ್’ ಎಂಬ ನಾಮಪದಗುಚ್ಛ ಬಂತು. ನಾಮಪದಕ್ಕೆ ಕ್ರಿಯೆ ಪ್ರಥಮಪುರುಷದಲ್ಲಿಯೇ ಹೊಂದಬೇಕು. ಹೀಗಾಗಿ ‘ನೀವು ಪಾವತಿಸಿ’ ಎನ್ನುವ ಬದಲು ‘ತಮ್ಮ ಕೃಪೆಯು ಪಾವತಿಸಲಿ’ ಎಂಬ ಮಾದರಿ ನೆಲೆಗೊಂಡಿತು. ಹದಿನೇಳನೆಯ ಶತಮಾನದಲ್ಲಿ ಈ ಗುಚ್ಛ ಸವೆದು ‘ಉಸ್ತೇದ್’ ಆಯಿತು. ಗುಚ್ಛ ಸರ್ವನಾಮವಾಗಿ ಕುಗ್ಗಿದರೂ ಅದು ತಂದ ಪ್ರಥಮಪುರುಷದ ಕ್ರಿಯಾರೂಪ ಹಾಗೆಯೇ ನಿಂತಿತು.

ಕನ್ನಡದ ‘ತಾವು’ ಇಲ್ಲಿ ಹೋಲಿಕೆಗೆ ಯೋಗ್ಯ. ಅದೂ ಮೂಲತಃ ಪ್ರಥಮಪುರುಷಕ್ಕೆ ಸಂಬಂಧಿಸಿದ ಆತ್ಮಾರ್ಥಕ ಸರ್ವನಾಮ. ಗೌರವದ ಮಧ್ಯಮಪುರುಷವಾಗಿ ಬಳಕೆಗೆ ಬಂತು. ಆದರೆ ಕನ್ನಡದಲ್ಲಿ ಕ್ರಿಯೆ ಮಧ್ಯಮಪುರುಷಕ್ಕೆ ತಿರುಗಿತು. ನಾವು ‘ತಾವು ಬನ್ನಿ’ ಎನ್ನುತ್ತೇವೆ. ಎದುರಿಗಿರುವವರಿಗೆ ‘ತಾವು ಬರಲಿ’ ಎನ್ನುವುದಿಲ್ಲ. ಸ್ಪ್ಯಾನಿಷ್ ನಿಂತದ್ದು ಎರಡನೆಯ ಮಾದರಿಯಲ್ಲಿ. ಒಂದೇ ಬಗೆಯ ಸಾಮಾಜಿಕ ಒತ್ತಡ ಎರಡು ಭಾಷೆಗಳ ವಿಧ್ಯರ್ಥಕದಲ್ಲಿ ಎರಡು ಭಿನ್ನ ಪರಿಣಾಮಗಳನ್ನು ಉಂಟುಮಾಡಿದೆ.

ಭೌಗೋಳಿಕ ಹಂಚಿಕೆಯೂ ಈ ವಿವರಣೆಯನ್ನು ಬೆಂಬಲಿಸುತ್ತದೆ. ಅಮೆರಿಕಾ ಖಂಡದ ಸ್ಪ್ಯಾನಿಷ್‌ನಲ್ಲಿ ‘ವೊಸೋತ್ರೊಸ್’ ಬಳಕೆ ತಪ್ಪಿ, ಸಲುಗೆಗೂ ಗೌರವಕ್ಕೂ ‘ಉಸ್ತೇದೆಸ್’ ಒಂದೇ ಬಹುವಚನವಾಗಿದೆ. ಅಲ್ಲಿ ಮಕ್ಕಳ ಗುಂಪಿಗೆ ಹೇಳುವ ಮಾತಿಗೂ ‘ಸೇಕೆನ್’, ‘ಪಾಗೆನ್’ ರೂಪಗಳೇ ಬೇಕು. ಇದಕ್ಕೆ ಪ್ರತಿಯಾಗಿ ಅರ್ಜೆಂಟೀನ, ಉರುಗ್ವೆಗಳಲ್ಲಿ ಹಳೆಯ ‘ವೊಸ್’ ಸಲುಗೆಯ ಏಕವಚನವಾಗಿ ಉಳಿದಿದೆ; ಅದರ ವಿಧ್ಯರ್ಥಕ ‘ಸೆಕಾ’, ‘ಪಗಾ’, ‘ಕ್ರುಸಾ’. ಇವು ‘ಸೆಕಾದ್’, ‘ಪಗಾದ್’ ಮೊದಲಾದವುಗಳ ಅಂತ್ಯದ ದಕಾರ ಲೋಪವಾಗಿ ಬಂದ ರೂಪಗಳು. ಇವುಗಳಲ್ಲಿ ಕಾಗುಣಿತ ಎಂದೂ ಬದಲಾಗದು. ಒಬ್ಬ ಬರಹಗಾರನು ಆಜ್ಞಾರೂಪದಲ್ಲಿ ಎಷ್ಟು ಸಲ ಅಕ್ಷರ ಬದಲಿಸಬೇಕೆಂಬುದು ಅವನ ಪ್ರದೇಶದ ಸರ್ವನಾಮ ವ್ಯವಸ್ಥೆಯನ್ನು ಅವಲಂಬಿಸಿದೆ.

3. ಒಂದೇ ಧ್ವನಿಸರಣಿ, ಎರಡು ಗತಿ

ಗೌರವರೂಪದಲ್ಲಿ ‘ಎ’ಕಾರ ಬಂದದ್ದು ಹೀಗೆ. ಆದರೆ ‘ಎ’ಕಾರದ ಮುಂದೆ ‘ಕ’, ‘ಗ’ಗಳು ಉಳಿದದ್ದು ಹೇಗೆ ಎಂಬುದು ಇನ್ನೂ ಆಳವಾದ ಪ್ರಶ್ನೆ. ಶಾಸ್ತ್ರೀಯ ಲ್ಯಾಟಿನ್ನಿನಲ್ಲಿ ‘ಸಿ’ ಅಕ್ಷರ ಎಲ್ಲ ಸ್ವರಗಳ ಮುಂದೆಯೂ ‘ಕ’ಕಾರವೇ ಆಗಿತ್ತು. ಸಾಮ್ರಾಜ್ಯದ ಉತ್ತರಕಾಲದಲ್ಲಿ ‘ಇ’, ‘ಎ’ಗಳೆಂಬ ಪೂರ್ವಸ್ವರಗಳ ಮುಂದೆ ಅದು ತಾಲವ್ಯವಾಗಿ, ಪಶ್ಚಿಮದ ರೊಮಾನ್ಸ್ ಭಾಷೆಗಳಲ್ಲಿ ‘ತ್ಸ’ದಂತಹ ಅನುಘರ್ಷಧ್ವನಿಯಾಯಿತು, ಎರಡು ಸ್ವರಗಳ ನಡುವೆ ಸಘೋಷವೂ ಆಯಿತು.

ಕನ್ನಡ ಭಾಷಾಶಾಸ್ತ್ರದ ವಿದ್ಯಾರ್ಥಿಗಳಿಗೆ ಈ ಪ್ರಕ್ರಿಯೆ ಹೊಸದಲ್ಲ. ಕನ್ನಡದ ‘ಕಿವಿ’ಗೆ ತಮಿಳು, ತೆಲುಗುಗಳಲ್ಲಿ ‘ಚೆವಿ’. ನಮ್ಮ ‘ಕೆರೆ’ಗೆ ತೆಲುಗಿನಲ್ಲಿ ‘ಚೆರುವು’. ಹಳಗನ್ನಡದ ‘ಗೆಯ್’ಗೆ ತಮಿಳಿನಲ್ಲಿ ‘ಚೆಯ್’. ಪೂರ್ವಸ್ವರದ ಮುಂದೆ ಕಂಠ್ಯವನ್ನು ಉಳಿಸಿಕೊಂಡ ಕನ್ನಡ ಒಂದು ಕಡೆ, ತಾಲವ್ಯೀಕರಿಸಿದ ತಮಿಳು-ತೆಲುಗುಗಳು ಇನ್ನೊಂದು ಕಡೆ. ಸ್ಪ್ಯಾನಿಷ್‌ನ ವಿಶೇಷವೆಂದರೆ ಈ ಎರಡು ಗತಿಗಳೂ ಒಂದೇ ಭಾಷೆಯೊಳಗೆ ಕಾಣಿಸಿಕೊಂಡಿರುವುದು.

ಲ್ಯಾಟಿನ್ನಿನ ‘ಪಾಕೆಮ್’ ಎಂದರೆ ಶಾಂತಿ ಎಂಬ ನಾಮಪದದ ದ್ವಿತೀಯಾ ವಿಭಕ್ತಿ. ‘ಪಾಕೆತ್’ ಎಂದರೆ ‘ಅವನು ಶಾಂತಗೊಳಿಸಲಿ’ ಎಂಬ ಸಂಭಾವನಾರ್ಥಕ. ಕೊನೆಯ ವ್ಯಂಜನವನ್ನು ಬಿಟ್ಟರೆ ಎರಡೂ ಒಂದೇ ಧ್ವನಿಸರಣಿ. ಧ್ವನಿನಿಯಮ ಕುರುಡಾಗಿ ನಡೆದಿದ್ದರೆ ಎರಡರ ಕಂಠ್ಯಕ್ಕೂ ಒಂದೇ ಗತಿ ಒದಗಬೇಕಿತ್ತು. ನಾಮಪದ ನಿಯಮಕ್ಕೆ ಒಳಗಾಯಿತು. ಅದು ಇಂದಿನ ‘ಪಾಸ್’, ಬರೆಯುವುದು ‘ಝಡ್’ನಿಂದ. ಕ್ರಿಯಾಪದ ಮಾತ್ರ ‘ಪಾಗೆ’ಯಾಗಿ ಕಂಠ್ಯವನ್ನು ಉಳಿಸಿಕೊಂಡಿತು. ಸಾಲಗಾರನನ್ನು ಶಾಂತಗೊಳಿಸುವುದೆಂದರೆ ಹಣ ತೀರಿಸುವುದು. ಅರ್ಥ ಹೀಗೆ ಜರುಗಿ ಬಂದ ಧಾತು ಪೋರ್ಚುಗೀಸಿನಲ್ಲಿಯೂ ಇದೇ ರೂಪದಲ್ಲಿದೆ. ನಮ್ಮ ‘ಪಗಾರ’ ಎಂಬ ಮಾತು ಆ ಪೋರ್ಚುಗೀಸ್ ಧಾತುವಿನಿಂದಲೇ ಬಂದದ್ದು.

ಕ್ರಿಯಾಪದವನ್ನು ಧ್ವನಿನಿಯಮದಿಂದ ಪಾರುಮಾಡಿದ್ದು ಸಾದೃಶ್ಯ. ನಾಮಪದಕ್ಕೆ ಕಂಠ್ಯವುಳ್ಳ ಸೋದರರೂಪಗಳ ಬೆಂಬಲವಿರಲಿಲ್ಲ. ಕ್ರಿಯಾಪದಕ್ಕೆ ಭಾವರೂಪ, ವರ್ತಮಾನ, ಭೂತ, ವಿಧ್ಯರ್ಥಕಗಳೆಲ್ಲದರಲ್ಲಿಯೂ ‘ಆ’ ಅಥವಾ ‘ಓ’ಕಾರದ ಮುಂದೆ ಕಂಠ್ಯವುಳ್ಳ ರೂಪಗಳು ಬಹುಸಂಖ್ಯೆಯಲ್ಲಿದ್ದವು, ‘ಎ’ಕಾರವುಳ್ಳ ರೂಪಗಳು ಅಲ್ಪಸಂಖ್ಯೆಯವು. ಬಹುಸಂಖ್ಯೆಯ ರೂಪಗಳು ಅಲ್ಪಸಂಖ್ಯೆಯವನ್ನು ತಮ್ಮತ್ತ ಎಳೆದುಕೊಂಡವು. ‘ಬೇಡಿಕೊಳ್ಳು’ ಎಂಬರ್ಥದ ‘ರೊಗಾರ್’ನ ‘ರುಎಗೆ’, ‘ಆಡು’ ಎಂಬರ್ಥದ ‘ಹುಗಾರ್’ನ ‘ಹುಎಗೆ’, ‘ತಲುಪು’ ಎಂಬರ್ಥದ ‘ಯೆಗಾರ್’ನ ‘ಯೇಗೆ’ ಎಲ್ಲವೂ ಇದೇ ದಾರಿಯಲ್ಲಿ ಬಂದವು.

ಸಾದೃಶ್ಯ ಎಲ್ಲೆಡೆ ಗೆಲ್ಲಲಿಲ್ಲ. ಅತಿಬಳಕೆಯ ‘ಹೇಳು’, ‘ಮಾಡು’ ಎಂಬರ್ಥದ ಧಾತುಗಳಲ್ಲಿ ಧ್ವನಿನಿಯಮದ ಫಲ ಹಾಗೆಯೇ ಉಳಿಯಿತು. ‘ದೀಸೆ’ ಎಂದರೆ ಹೇಳುತ್ತಾನೆ, ‘ದೀಗ’ ಎಂದರೆ ಗೌರವದ ‘ಹೇಳಿ’. ‘ಆಸೆ’ ಎಂದರೆ ಮಾಡುತ್ತಾನೆ, ‘ಆಗ’ ಎಂದರೆ ‘ಮಾಡಿ’. ಇಲ್ಲಿ ಧ್ವನಿಯೇ ಬದಲಾಗಿದೆ. ಬರಹ ಅದನ್ನು ಪ್ರಾಮಾಣಿಕವಾಗಿ ತೋರಿಸುತ್ತದೆ. ಕಡಿಮೆ ಬಳಕೆಯ ಧಾತುಗಳಲ್ಲಿ ಸಾದೃಶ್ಯ ತಡವಾಗಿಯಾದರೂ ಗೆದ್ದದ್ದುಂಟು. ‘ಬೇಯಿಸು’ ಎಂಬರ್ಥದ ‘ಕೊಸೇರ್’ನ ‘ಬೇಯಿಸುತ್ತೇನೆ’ ರೂಪ ಹಳೆಯ ಸ್ಪ್ಯಾನಿಷ್‌ನಲ್ಲಿ ‘ಕುಎಗೊ’ ಎಂದಿದ್ದು, ಇಂದು ‘ಕುಎಸೊ’ ಆಗಿದೆ. ಹಾಗೆಯೇ ಗೌರವದ ಆಜ್ಞೆ ‘ಕುಎಸ’. ಧ್ವನಿಯ ಅನಿಯಮ ಹೋದೊಡನೆ ಈ ಧಾತು ‘ಸಿ’ಯಿಂದ ‘ಝಡ್’ಗೆ ಕಾಗುಣಿತ ಬದಲಿಸುವ ವರ್ಗಕ್ಕೆ ಸೇರಿತು.

ಧ್ವನಿಪರಿವರ್ತನೆ ನಿಯಮಬದ್ಧವಾದರೂ ಅನಿಯಮವನ್ನು ಹುಟ್ಟಿಸುತ್ತದೆ, ಸಾದೃಶ್ಯ ಅನಿಯತವಾದರೂ ನಿಯಮವನ್ನು ಹುಟ್ಟಿಸುತ್ತದೆ ಎಂಬುದು ಎಡ್ಗರ್ ಸ್ಟರ್ಟೆವೆಂಟ್ ಹೆಸರಿನಲ್ಲಿ ಪ್ರಸಿದ್ಧವಾದ ವಿರೋಧಾಭಾಸ. ನಮ್ಮ ಸಾಮಗ್ರಿ ಇದಕ್ಕೊಂದು ಅನುಬಂಧವನ್ನು ಸೂಚಿಸುತ್ತದೆ. ಧ್ವನಿಯಲ್ಲಿ ಸಾದೃಶ್ಯ ಸ್ಥಾಪಿಸಿದ ನಿಯಮಬದ್ಧತೆ, ಧ್ವನಿಪರಿವರ್ತನೆಯ ಗುರುತನ್ನು ಹೊತ್ತ ಲಿಪಿಯಲ್ಲಿ ಅನಿಯಮವಾಗಿ ಮರಳಿ ಕಾಣಿಸುತ್ತದೆ. ‘ಸಿ’ ಅಕ್ಷರಕ್ಕೆ ‘ಎ’ಕಾರದ ಮುಂದೆ ಬೇರೆ ಮೌಲ್ಯ ಬಂದದ್ದು ‘ಪಾಸ್’ನಂತಹ ಪದಗಳ ಚರಿತ್ರೆಯಿಂದ, ಆ ಚರಿತ್ರೆಗೆ ಒಳಗಾಗದ ‘ಪಾಗೆ’, ‘ಸೇಕೆ’ಗಳು ಬರಹದಲ್ಲಿ ಅದರ ಭಾರವನ್ನು ಹೊರಬೇಕಾಯಿತು.

4. ಲಿಪಿಕಾರರ ಉಪಾಯ

ಮಧ್ಯಯುಗದ ಲಿಪಿಕಾರರ ಮುಂದಿದ್ದ ತೊಡಕು ಇದು: ‘ಎ’, ‘ಇ’ಗಳ ಮುಂದೆ ‘ಸಿ’ ಬರೆದರೆ ಓದುಗ ‘ತ್ಸ’ ಎಂದು ಓದುತ್ತಾನೆ, ‘ಕ’ ಎಂದು ಓದಿಸಲು ಏನು ಬರೆಯಬೇಕು? ಉಪಾಯ ಲ್ಯಾಟಿನ್ ಬರಹದೊಳಗೇ ಸಿಕ್ಕಿತು. ‘ಕ್ಯೂ-ಯು’ ಜೋಡಿ ಲ್ಯಾಟಿನ್ನಿನಲ್ಲಿ ‘ಕ್ವ’ ಧ್ವನಿಯನ್ನು ಸೂಚಿಸುತ್ತಿತ್ತು. ಐಬೀರಿಯಾದ ರೊಮಾನ್ಸ್‌ನಲ್ಲಿ ಪೂರ್ವಸ್ವರಗಳ ಮುಂದೆ ಈ ‘ವ’ಕಾರದ ಅಂಶ ಲೋಪವಾಯಿತು, ಲ್ಯಾಟಿನ್ನಿನ ‘ಕ್ವೇರೆರೆ’ ಸ್ಪ್ಯಾನಿಷ್‌ನಲ್ಲಿ ‘ಕೆರೇರ್’ ಆಯಿತು. ಧ್ವನಿ ಸರಳವಾದರೂ ಬರಹ ಹಳೆಯದೇ ಉಳಿಯಿತು. ಪರಿಣಾಮವಾಗಿ ‘ಎ’, ‘ಇ’ಗಳ ಮುಂದೆ ಶುದ್ಧ ‘ಕ’ಕಾರವನ್ನು ಸೂಚಿಸುವ ಸಿದ್ಧ ಜೋಡಿಯೊಂದು ಲಿಪಿಕಾರರ ಕೈಗೆ ಬಂತು. ‘ಸೇಕೆ’ಯ ‘ಕ’ಕಾರಕ್ಕೂ ‘ಕ್ವ’ ಧ್ವನಿಗೂ ಯಾವ ವಂಶಸಂಬಂಧವೂ ಇಲ್ಲ. ಜರ್ಮಾನಿಕ್ ಮೂಲದ, ಯುದ್ಧ ಎಂಬರ್ಥದ ‘ಗೆರ್ರ’ದಂತಹ ಪದಗಳಲ್ಲಿ ‘ಗ್ವ’ ಧ್ವನಿ ‘ಗ’ ಆದದ್ದರಿಂದ ‘ಜಿ-ಯು’ ಜೋಡಿಗೂ ಅದೇ ಉಪಯೋಗ ಒದಗಿತು.

ಈ ಉಪಾಯ ಹೊಸ ತೊಡಕನ್ನೂ ತಂದಿತು. ‘ಯು’ ಅಕ್ಷರ ಮೂಕವಾದ ಮೇಲೆ, ಅದನ್ನು ನಿಜವಾಗಿ ಉಚ್ಚರಿಸಬೇಕಾದಲ್ಲಿ ಏನು ಮಾಡುವುದು? ‘ವಿಚಾರಿಸಿ ತಿಳಿ’ ಎಂಬರ್ಥದ ‘ಅವೆರಿಗ್ವಾರ್’ನ ಗೌರವದ ಆಜ್ಞೆ ‘ಅವೆರೀಗ್ವೆ’. ಇಲ್ಲಿ ‘ಯು’ ಮೇಲೆ ಎರಡು ಚುಕ್ಕಿಗಳನ್ನಿಟ್ಟು ಅದು ಮೂಕವಲ್ಲವೆಂದು ಸೂಚಿಸುತ್ತಾರೆ. ಇದಕ್ಕೆ ಸಮಾನವಾದ ಇನ್ನೊಂದು ಉಪಾಯ ‘ವಾಸನೆ ನೋಡು’ ಎಂಬರ್ಥದ ‘ಒಲೇರ್’ನಲ್ಲಿದೆ. ಅದರ ಆಜ್ಞಾರೂಪ ‘ಉಎಲೆ’, ‘ಉಎಲ’ಗಳು ಉಚ್ಚರಿಸದ ‘ಎಚ್’ನಿಂದ ಆರಂಭವಾಗುತ್ತವೆ. ಹಳೆಯ ಬರಹದಲ್ಲಿ ‘ಯು’ ಮತ್ತು ‘ವಿ’ಗಳು ಒಂದೇ ಅಕ್ಷರದ ಎರಡು ಆಕೃತಿಗಳಾಗಿದ್ದವು, ಪದದ ಮೊದಲಲ್ಲಿ ಅದನ್ನು ವ್ಯಂಜನವೆಂದು ಓದಬಾರದೆಂದು ಮುಂದೆ ಈ ‘ಎಚ್’ ಸೇರಿಸಿದರು. ‘ಯು’, ‘ವಿ’ಗಳು ಬೇರೆಯಾದ ಮೇಲೂ ಆ ಕಾವಲುಗಾರ ಹೋಗಲಿಲ್ಲ.

ನಿಷೇಧರಹಿತ ಆಜ್ಞೆಯ ಇನ್ನೊಂದು ಲಕ್ಷಣವನ್ನೂ ಇದೇ ತತ್ತ್ವದಿಂದ ವಿವರಿಸಬಹುದು. ಇದರಲ್ಲಿ ಕರ್ಮಸರ್ವನಾಮ ಕ್ರಿಯೆಯ ಹಿಂದೆ ಅಂಟಿಕೊಳ್ಳುತ್ತದೆ: ‘ಪಾಗೆಲೊ’, ಅಂದರೆ ‘ಅದನ್ನು ಪಾವತಿಸಿ’. ನಿಷೇಧದಲ್ಲಿ ಅದು ಪ್ರತ್ಯೇಕವಾಗಿ ಮುಂದೆ ಬರುತ್ತದೆ. ಅಂಟಿದಾಗ ಪದಕ್ಕೆ ಒಂದು ಅಕ್ಷರಾಂಶ ಹೆಚ್ಚುತ್ತದೆ, ಒತ್ತು ಮಾತ್ರ ಹಳೆಯ ಸ್ಥಾನದಲ್ಲಿಯೇ ಇರುತ್ತದೆ. ಅದನ್ನು ಸೂಚಿಸಲು ಸ್ವರದ ಮೇಲೆ ಒತ್ತುಗುರುತು ಬರೆಯಬೇಕು. ಇಲ್ಲಿಯೂ ಬರಹ ಬದಲಾಗುವುದು ಉಚ್ಚಾರಣೆ ಬದಲಾಗದಿರಲೆಂದೇ.

5. ಎರಡು ಧ್ವನಿ ಒಂದಾದಾಗ

‘ಝಡ್’ನಿಂದ ‘ಸಿ’ಗೆ ಆಗುವ ಬದಲಾವಣೆ ಮೇಲಿನವುಗಳಷ್ಟು ಹಳೆಯದಲ್ಲ. ಮಧ್ಯಯುಗದ ಕಾಸ್ಟೀಲಿಯನ್ನಿನಲ್ಲಿ ಅಘೋಷ ‘ತ್ಸ’ ಮತ್ತು ಸಘೋಷ ‘ದ್ಝ’ ಎರಡು ಪ್ರತ್ಯೇಕ ಧ್ವನಿಮಾಗಳಾಗಿದ್ದವು. ಅಘೋಷಕ್ಕೆ ‘ಅ’, ‘ಒ’, ‘ಉ’ಗಳ ಮುಂದೆ ಬಾಲವುಳ್ಳ ‘ಸಿ’ಯನ್ನೂ, ‘ಎ’, ‘ಇ’ಗಳ ಮುಂದೆ ಸಾಮಾನ್ಯ ‘ಸಿ’ಯನ್ನೂ ಬಳಸುವುದು ವಾಡಿಕೆ. ಸಘೋಷಕ್ಕೆ ಎಲ್ಲೆಡೆ ‘ಝಡ್’. ಅಂದರೆ ‘ಎತ್ತು’ ಎಂಬರ್ಥದ ಧಾತು (ಇಂದಿನ ‘ಅಲ್ಸಾರ್’) ಬಾಲವುಳ್ಳ ‘ಸಿ’ಯಿಂದ ಸಾಮಾನ್ಯ ‘ಸಿ’ಗೆ ತಿರುಗುತ್ತಿತ್ತು, ‘ಪ್ರಾರ್ಥಿಸು’ ಎಂಬರ್ಥದ ಧಾತು (ಇಂದಿನ ‘ರೆಸಾರ್’) ಎಲ್ಲ ರೂಪಗಳಲ್ಲಿಯೂ ‘ಝಡ್’ನಲ್ಲಿಯೇ ನಿಲ್ಲುತ್ತಿತ್ತು. ಎರಡನೆಯ ಬಗೆಯ ಧಾತುಗಳಲ್ಲಿ ಕಾಗುಣಿತದ ಬದಲಾವಣೆಯೇ ಇರಲಿಲ್ಲ.

ಹದಿನಾರು ಮತ್ತು ಹದಿನೇಳನೆಯ ಶತಮಾನಗಳಲ್ಲಿ ಘೋಷಭೇದ ಅಳಿದು ಎರಡು ಧ್ವನಿಮಾಗಳು ಒಂದಾದವು. ಬರಹಗಾರರ ಕಿವಿಗೆ ಯಾವ ಪದದಲ್ಲಿ ಯಾವ ಅಕ್ಷರವೆಂದು ತಿಳಿಯದಾಯಿತು. 1713ರಲ್ಲಿ ಸ್ಥಾಪಿತವಾದ ಸ್ಪೇನಿನ ರಾಜಮನೆತನದ ಅಕಾಡೆಮಿ ತನ್ನ ಮೊದಲ ನಿಘಂಟಿನ 1726ರ ಸಂಪುಟದಲ್ಲಿ ಬಾಲವುಳ್ಳ ‘ಸಿ’ಯನ್ನು ಕೈಬಿಟ್ಟಿತು, ‘ಎ’, ‘ಇ’ಗಳ ಮುಂದೆ ‘ಸಿ’, ಉಳಿದೆಡೆ ‘ಝಡ್’ ಎಂಬ ಹಂಚಿಕೆಯ ದಾರಿ ಹಿಡಿಯಿತು. ಅಕ್ಷರದ ಆಯ್ಕೆ ಪದದ ವಂಶವನ್ನು ಬಿಟ್ಟು ಮುಂದಿನ ಸ್ವರವನ್ನು ಅವಲಂಬಿಸತೊಡಗಿತು. ಆ ಹಂಚಿಕೆಯಿಂದ ‘ರೆಸಾರ್’ ಮಾದರಿಯ ಧಾತುಗಳೂ ‘ಅಲ್ಸಾರ್’ ಮಾದರಿಯವುಗಳ ಸಾಲಿಗೆ ಬಂದವು. ಇಂದು ಪಠ್ಯಪುಸ್ತಕದ ಒಂದೇ ನಿಯಮದಡಿ ಕಾಣುವ ಈ ಧಾತುಗಳ ಹಿಂದೆ ಎರಡು ಬೇರೆ ವಂಶಾವಳಿಗಳಿವೆ.

ಧ್ವನಿಗಳು ಕೂಡಿಕೊಂಡಾಗ ಅಕ್ಷರಗಳ ಗತಿಯೇನೆಂಬ ಪ್ರಶ್ನೆ ಕನ್ನಡದಲ್ಲಿಯೂ ಎದ್ದದ್ದುಂಟು. ಕೇಶಿರಾಜ ‘ರಳ’, ‘ಕುಳ’ ಎಂದು ಬೇರ್ಪಡಿಸಿ ಹೇಳಬೇಕಾದ ಧ್ವನಿಗಳು ಮುಂದೆ ಒಂದಾದವು. ‘ೞ’, ‘ಱ’ ಅಕ್ಷರಗಳು ಬಳಕೆಯಿಂದ ಹೊರಬಿದ್ದವು. ಕನ್ನಡದಲ್ಲಿ ಅನಗತ್ಯವಾದ ಅಕ್ಷರ ಸಂಪೂರ್ಣವಾಗಿ ಬಿಟ್ಟುಹೋಯಿತು. ಸ್ಪ್ಯಾನಿಷ್‌ನಲ್ಲಿ ಮಿಕ್ಕ ಎರಡು ಅಕ್ಷರಗಳಿಗೆ ಸ್ವರಗಳನ್ನು ಹಂಚಿಕೊಟ್ಟು ಎರಡನ್ನೂ ಉಳಿಸಿಕೊಂಡರು.

6. ಸುಧಾರಕರು ಮತ್ತು ಪ್ರಭುತ್ವ

ಈ ವ್ಯವಸ್ಥೆ ಅನಿವಾರ್ಯವಾಗಿರಲಿಲ್ಲ. ಅಂತೋನಿಯೊ ದೆ ನೆಬ್ರಿಹ 1492ರ ತನ್ನ ಕಾಸ್ಟೀಲಿಯನ್ ವ್ಯಾಕರಣದಲ್ಲಿ, ಮತ್ತೆ 1517ರ ಕಾಗುಣಿತ ನಿಯಮಗಳಲ್ಲಿ, ಬರಹ ಉಚ್ಚಾರಣೆಯನ್ನು ಅನುಸರಿಸಬೇಕೆಂಬ ಕ್ವಿಂಟಿಲಿಯನ್‌ನ ತತ್ತ್ವವನ್ನು ಎತ್ತಿಹಿಡಿದನು. ‘ಸಿ’, ‘ಕೆ’, ‘ಕ್ಯೂ’ಗಳು ಒಂದೇ ಕೆಲಸ ಮಾಡುವುದರಿಂದ ಕೊನೆಯ ಎರಡು ಅನಗತ್ಯವೆಂಬುದು ಅವನ ವಾದ. ಸಾಲಮಾಂಕದ ಪ್ರಾಧ್ಯಾಪಕ ಗೊನ್ಸಾಲೊ ಕೊರ್ರೆಯಾಸ್ ಇದಕ್ಕೆ ವಿರುದ್ಧವಾದ ದಾರಿಯಿಂದ ಅದೇ ಗುರಿಯತ್ತ ನಡೆದನು. 1630ರ ತನ್ನ ಕಾಗುಣಿತ ಗ್ರಂಥದಲ್ಲಿ ‘ಕ’ಕಾರಕ್ಕೆಲ್ಲ ‘ಕೆ’ ಅಕ್ಷರವನ್ನೇ ಬಳಸಿದನು. ಇಬ್ಬರಲ್ಲಿ ಯಾರ ಮಾತು ನಡೆದಿದ್ದರೂ ‘ಸೇಕ’, ‘ಸೇಕೆ’ಗಳಲ್ಲಿ ಒಂದೇ ಅಕ್ಷರ ಇರುತ್ತಿತ್ತು.

ಈ ವರ್ಗವನ್ನು ಪೂರ್ಣವಾಗಿ ಇಲ್ಲವಾಗಿಸಬಲ್ಲ ಯೋಜನೆ ಬಂದದ್ದು ಅಮೆರಿಕಾ ಖಂಡದವರಿಂದ. ವೆನೆಜುವೆಲಾದ ಆಂದ್ರೆಸ್ ಬೆಯ್ಯೊ ಮತ್ತು ಕೊಲಂಬಿಯಾದ ಹುವಾನ್ ಗಾರ್ಸಿಯಾ ದೆಲ್ ರೀಯೊ 1823ರಲ್ಲಿ ಲಂಡನ್ನಿನಿಂದ ಪ್ರಕಟಿಸಿದ ಪ್ರಸ್ತಾಪದಲ್ಲಿ ಸುಧಾರಣೆಯನ್ನು ಎರಡು ಹಂತಗಳಲ್ಲಿ ಜೋಡಿಸಿದ್ದರು. ಮೊದಲ ಹಂತದಲ್ಲಿ ‘ಹ’ಕಾರಸದೃಶ ಧ್ವನಿಗೆಲ್ಲ ‘ಜೆ’, ಮೃದು ‘ಸಿ’ಗೆಲ್ಲ ‘ಝಡ್’, ‘ಕ್ಯೂ’ ನಂತರದ ಮೂಕ ‘ಯು’ವಿನ ಲೋಪ ಮೊದಲಾದವು. ಎರಡನೆಯ ಹಂತದಲ್ಲಿ ‘ಕ’ಕಾರಕ್ಕೆಲ್ಲ ‘ಕ್ಯೂ’, ‘ಜಿ’ ನಂತರದ ಮೂಕ ‘ಯು’ವಿನ ಲೋಪ. ವಿಧ್ಯರ್ಥಕ ರೂಪಗಳ ಮೇಲೆ ಇದನ್ನು ಪ್ರಯೋಗಿಸಿ ನೋಡಿದರೆ ಯೋಜನೆಯ ಅಚ್ಚುಕಟ್ಟು ಗೊತ್ತಾಗುತ್ತದೆ. ಮೊದಲ ಹಂತದಲ್ಲಿ ‘ಎಸ್ಕೊಹೇರ್’, ‘ಕ್ರುಸಾರ್’, ‘ವೆನ್ಸೇರ್’ ವರ್ಗಗಳು ನಿಯಮಿತವಾಗುತ್ತವೆ. ಎರಡನೆಯ ಹಂತದಲ್ಲಿ ‘ಸೆಕಾರ್’, ‘ಪಗಾರ್’, ‘ಸೆಗೀರ್’ ವರ್ಗಗಳೂ ನಿಯಮಿತವಾಗುತ್ತವೆ. ‘ಅವೆರೀಗ್ವೆ’ಯ ಎರಡು ಚುಕ್ಕಿಗಳೂ ಬೇಕಿಲ್ಲ. ಹಂತಗಳ ಕ್ರಮವೂ ಸಕಾರಣವಾದದ್ದು. ‘ಜಿ’ಯ ‘ಹ’ಕಾರಮೌಲ್ಯವನ್ನು ಮೊದಲು ತೆಗೆಯದೆ ‘ಪಾಗೆ’ಯ ಮೂಕ ‘ಯು’ವನ್ನು ಕಿತ್ತರೆ, ಹಳೆಯ ಓದುಗ ಅದನ್ನು ‘ಪಾಹೆ’ ಎಂದೇ ಓದುತ್ತಾನೆ.

ಚಿಲಿ ದೇಶದಲ್ಲಿ ನೆಲೆಸಿದ್ದ ಬೆಯ್ಯೊ ಅಲ್ಲಿನ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾದನು. ದೊಮಿಂಗೊ ಫೌಸ್ತಿನೊ ಸಾರ್ಮಿಯೆಂತೊ 1843ರಲ್ಲಿ ಅಲ್ಲಿ ಇನ್ನಷ್ಟು ತೀವ್ರವಾದ ಸುಧಾರಣೆಯನ್ನು ಮಂಡಿಸಿದನು. ಚರ್ಚೆಯ ನಂತರ 1844ರಲ್ಲಿ ವಿಶ್ವವಿದ್ಯಾಲಯ ಮಧ್ಯಮ ಮಾರ್ಗದ ಸುಧಾರಣೆಯೊಂದನ್ನು ಅಂಗೀಕರಿಸಿತು. ಅದೇ 1844ರಲ್ಲಿ ಸ್ಪೇನಿನಲ್ಲಿ, ಶಾಲಾ ಶಿಕ್ಷಕರೇ ಕೈಗೊಂಡಿದ್ದ ಸುಧಾರಣೆಯ ಯತ್ನವನ್ನು ತಡೆದು, ಎರಡನೆಯ ಇಸಾಬೆಲ್ ರಾಣಿಯ ಆಜ್ಞೆಯು ಅಕಾಡೆಮಿಯ ಕಾಗುಣಿತವನ್ನು ಶಾಲೆಗಳಲ್ಲಿ ಕಡ್ಡಾಯಗೊಳಿಸಿತು. ಎರಡೂ ಕಡೆ ವಿವಾದ ಎದ್ದದ್ದು ಪ್ರಾಥಮಿಕ ಶಿಕ್ಷಣದ ಸುತ್ತ ಎಂಬುದನ್ನು ಗಮನಿಸಬೇಕು. ಬರಹದ ಭಾರವನ್ನು ಅಕ್ಷರ ಕಲಿಯುವ ಮಗು ಹೊರಬೇಕೋ, ಹಳೆಯ ಪುಸ್ತಕಗಳಿಗೆ ಒಗ್ಗಿದ ಓದುಗ ಹೊರಬೇಕೋ ಎಂಬುದೇ ಆ ವಿವಾದದ ತಿರುಳು.

ಚಿಲಿಯ ಸುಧಾರಣೆ ಕ್ರಮೇಣ ಕುಗ್ಗಿತು. ಕೊನೆಯವರೆಗೆ ಉಳಿದದ್ದು ‘ಎ’, ‘ಇ’ಗಳ ಮುಂದೆ ‘ಜಿ’ ಬದಲು ‘ಜೆ’, ಸ್ವರವಾದ ‘ವೈ’ ಬದಲು ‘ಐ’, ವ್ಯಂಜನದ ಮುಂದಿನ ‘ಎಕ್ಸ್’ ಬದಲು ‘ಎಸ್’ ಇಷ್ಟೇ. ಆ ಅವಧಿಯ ಚಿಲಿಯ ಕಾಗುಣಿತದಲ್ಲಿ ‘ಎಸ್ಕೊಹೇರ್’ ವರ್ಗ ಸಂಪೂರ್ಣ ನಿಯಮಿತ. ಉಳಿದ ವರ್ಗಗಳು ಮ್ಯಾಡ್ರಿಡ್ಡಿನಲ್ಲಿದ್ದಂತೆಯೇ ಇದ್ದವು. ಈ ಆಯ್ಕೆಗೆ ಆಂತರಿಕ ಕಾರಣವಿತ್ತೆಂದು ನಾವು ಭಾವಿಸುತ್ತೇವೆ. ‘ಜಿ’ ಮತ್ತು ‘ಜೆ’ಗಳು ಪೂರ್ವಸ್ವರದ ಮುಂದೆ ಮೊದಲೇ ಸಮಾನಮೌಲ್ಯದವು, ಅಲ್ಲಿ ಒಂದನ್ನು ಬಿಟ್ಟರೆ ಯಾವ ಹಳೆಯ ಓದುಗನೂ ತಪ್ಪಾಗಿ ಓದುವುದಿಲ್ಲ. ‘ಕ್ಯೂ’ವನ್ನು ಎಲ್ಲೆಡೆ ತಂದರೆ ಮನೆ, ವಸ್ತು ಎಂಬರ್ಥದ ‘ಕಾಸ’, ‘ಕೋಸ’ಗಳಂತಹ ನಿತ್ಯದ ಪದಗಳ ಮುಖವೇ ಬದಲಾಗುತ್ತದೆ. ಓದುಗನ ಕಣ್ಣಿಗೆ ಹಗುರವಾದದ್ದು ಉಳಿಯಿತು, ಭಾರವಾದದ್ದು ಬಿದ್ದುಹೋಯಿತು. 1927ರಲ್ಲಿ ಚಿಲಿ ಅಕಾಡೆಮಿಯ ಕಾಗುಣಿತಕ್ಕೆ ಮರಳಿತು. ಅಕಾಡೆಮಿ ತಾನೇ 1815ರಲ್ಲಿ ‘ಕ್ವ’ ಧ್ವನಿಯನ್ನು ‘ಸಿ-ಯು’ ಎಂದು ಬರೆಯುವಂತೆ ಮಾಡಿ, ‘ಕ್ಯೂ-ಯು’ ಜೋಡಿಯನ್ನು ‘ಎ’, ‘ಇ’ಗಳ ಮುಂದಿನ ‘ಕ’ಕಾರಕ್ಕೆ ಮೀಸಲಿಟ್ಟಿತ್ತು, ‘ಹ’ಕಾರಮೌಲ್ಯದ ‘ಎಕ್ಸ್’ಗೆ ‘ಜೆ’ ಅಥವಾ ‘ಜಿ’ಯನ್ನು ತಂದಿತ್ತು. ಇಂದಿನ ಪಠ್ಯಪುಸ್ತಕದ ಅಕ್ಷರನಿಯಮಗಳು ಬಹುಮಟ್ಟಿಗೆ 1726 ಮತ್ತು 1815ರ ಈ ನಿರ್ಣಯಗಳ ಫಲ.

ವಿವಾದ ಆರಿಹೋಗಿಲ್ಲ. 1997ರಲ್ಲಿ ಮೆಕ್ಸಿಕೊದ ಸಕಾತೆಕಾಸ್ ನಗರದಲ್ಲಿ ನಡೆದ ಸ್ಪ್ಯಾನಿಷ್ ಭಾಷೆಯ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಗೇಬ್ರಿಯಲ್ ಗಾರ್ಸಿಯಾ ಮಾರ್ಕ್ವೆಜ್ ಕಾಗುಣಿತಕ್ಕೆ ನಿವೃತ್ತಿ ಕೊಡಬೇಕೆಂದೂ, ‘ಜಿ’ ಮತ್ತು ‘ಜೆ’ಗಳ ನಡುವೆ ಗಡಿ ಒಪ್ಪಂದವಾಗಬೇಕೆಂದೂ ಕರೆಕೊಟ್ಟಾಗ ಎದ್ದ ಗದ್ದಲ ಇದಕ್ಕೆ ಸಾಕ್ಷಿ. 2010ರಲ್ಲಿ ಸ್ಪ್ಯಾನಿಷ್ ಮಾತನಾಡುವ ದೇಶಗಳ ಅಕಾಡೆಮಿಗಳು ಕೂಡಿ ಪ್ರಕಟಿಸಿದ ಕಾಗುಣಿತ ಗ್ರಂಥವು ಈ ಹಂಚಿಕೆಯನ್ನು ಮುಟ್ಟಲಿಲ್ಲ.

7. ಉಪಸಂಹಾರ

ಮೇಲಿನ ಚರಿತ್ರೆಯಿಂದ ಮೂರು ನಿರ್ಣಯಗಳನ್ನು ಮುಂದಿಡಬಹುದು. ಮೊದಲನೆಯದಾಗಿ, ಆಜ್ಞಾರೂಪಗಳ ಒಳಗೆ ಕಾಗುಣಿತದ ಒಡಕು ಕಾಣಿಸುವುದು ನಿಜವಾದ ವಿಧ್ಯರ್ಥಕಕ್ಕೂ ಎರವಲು ಬಂದ ಸಂಭಾವನಾರ್ಥಕಕ್ಕೂ ನಡುವಿನ ಗೆರೆಯಲ್ಲಿ. ಅಕ್ಷರದ ಬದಲಾವಣೆ ಒಂದು ವ್ಯಾಕರಣಸತ್ಯವನ್ನು ತಾನರಿಯದೆಯೇ ದಾಖಲಿಸಿದೆ. ಎರಡನೆಯದಾಗಿ, ‘ಅನಿಯಮಿತ’ ಎಂಬ ಹೆಸರು ಎರಡು ವಿರುದ್ಧ ಸಂಗತಿಗಳನ್ನು ಬೆರೆಸುತ್ತದೆ. ‘ದೀಸೆ’, ‘ದೀಗ’ಗಳು ಧ್ವನಿನಿಯಮಕ್ಕೆ ತಲೆಬಾಗಿ ಅನಿಯಮಿತವಾದವು. ‘ಪಾಗ’, ‘ಪಾಗೆ’ಗಳು ಧ್ವನಿನಿಯಮವನ್ನು ಮೀರಿ ನಿಯಮಿತವಾದವು. ಇವೆರಡನ್ನೂ ಒಂದೇ ಪಟ್ಟಿಯಲ್ಲಿಟ್ಟು ಬಾಯಿಪಾಠ ಮಾಡಿಸಿದಾಗ, ಧ್ವನಿಯನ್ನು ಕೇಳಿಸಿಕೊಂಡು ತಾನೇ ಬರೆಯಬಹುದಾದದ್ದನ್ನೂ ವಿದ್ಯಾರ್ಥಿ ಅಪವಾದವೆಂದು ಹೊರಬೇಕಾಗುತ್ತದೆ. ಕನ್ನಡ ಬಲ್ಲ ವಿದ್ಯಾರ್ಥಿಗೆ ಮೊದಲು ರೂಪಗಳನ್ನು ಕನ್ನಡ ಲಿಪಿಯಲ್ಲಿ ಬರೆಯಿಸಿ, ಅನಂತರ ರೋಮನ್ ಅಕ್ಷರಗಳ ಮೌಲ್ಯವನ್ನು ಕಲಿಸಿದರೆ ಈ ಹೊರೆಯ ಬಹುಭಾಗ ಇಳಿಯುತ್ತದೆ.

ಮೂರನೆಯದು ಸಂಶೋಧಕರಿಗೆ ಸಂಬಂಧಿಸಿದ್ದು. ಇಂದು ಆಕೃತಿಮಾ ವಿಶ್ಲೇಷಣೆಯ ಬಹುಪಾಲು ಲಿಖಿತ ಪಠ್ಯಸಂಗ್ರಹಗಳ ಮೇಲೆ, ಯಂತ್ರದ ನೆರವಿನಿಂದ ನಡೆಯುತ್ತಿದೆ. ಲಿಖಿತ ರೂಪವನ್ನೇ ಭಾಷೆಯೆಂದು ಹಿಡಿದ ವಿಶ್ಲೇಷಣೆಗೆ ‘ಸೇಕ’, ‘ಸೇಕೆ’ಗಳಲ್ಲಿ ಎರಡು ಧಾತುರೂಪಗಳು ಕಾಣುತ್ತವೆ, ಆಡುವವನ ಮನಸ್ಸಿನಲ್ಲಿರುವುದು ಒಂದೇ. ಹಾಗೆ ಎಣಿಸಿ ಪಡೆದ ‘ಅನಿಯಮದ ಪ್ರಮಾಣ’ದಲ್ಲಿ ಸ್ಪ್ಯಾನಿಷ್ ವ್ಯಾಕರಣ ಎಷ್ಟು, ಅಕಾಡೆಮಿಯ ನಿರ್ಣಯಗಳು ಎಷ್ಟು ಎಂದು ಬೇರ್ಪಡಿಸದೆ ಅದನ್ನು ಭಾಷೆಗಳ ನಡುವಿನ ಹೋಲಿಕೆಗೆ ಬಳಸುವುದು ಸರಿಯಲ್ಲ. ದ್ರಾವಿಡ ಭಾಷೆಗಳ ಲಿಖಿತ ಸಾಮಗ್ರಿಯ ಮೇಲೆ ಇಂತಹ ಕೆಲಸಕ್ಕೆ ತೊಡಗುವವರು, ಯಾವ ವ್ಯತ್ಯಾಸ ನಾಲಗೆಯದು, ಯಾವುದು ಲೇಖನಿಯದು ಎಂಬ ಪರೀಕ್ಷೆಯನ್ನು ಎಣಿಕೆಗೆ ಮೊದಲೇ ನಡೆಸುವುದು ಅಗತ್ಯ.